ಗಾಯಗೊಂಡ ಪೊಲೀಸಿನವನೂ ಇಂಗ್ಲೆಂಡಿನ ಪಿಂಚಣಿಯ ಕಾನೂನೂ

ಈ ಹೊತ್ತು ನಾವು ವಿಚಾರಮಾಡಬೇಕೆಂದಿರುವ ವಿಷಯ ಮೇಲ್ನೋಟಕ್ಕೆ ಬಹಳ ಶುಷ್ಕವಾದುದು. ಪಿಂಚಣಿ, ನಿಬಂಧನೆ, ವೈದ್ಯರ ವರದಿ, ಶೇಕಡಾವಾರು ಲೆಕ್ಕ ಎಂಬ ಮಾತುಗಳು ಕಿವಿಗೆ ಬಿದ್ದೊಡನೆ ಶ್ರೋತೃಗಳ ಕೈ ರೇಡಿಯೋ ಯಂತ್ರದ ಗುಂಡಿಯ ಕಡೆಗೆ ಸರಿದರೆ ನಾವು ಆಶ್ಚರ್ಯಪಡತಕ್ಕುದಲ್ಲ. ಆದರೆ ಈ ಹೊಟ್ಟನ್ನು ಸ್ವಲ್ಪ ತೂರಿ ನೋಡಿದರೆ ಒಳಗೆ ಗಟ್ಟಿಯಾದ ಕಾಳೊಂದು ಸಿಕ್ಕುತ್ತದೆ. ಸಮಾಜವು ತನ್ನ ನೆಮ್ಮದಿಗಾಗಿ ಒಬ್ಬ ಮನುಷ್ಯನನ್ನು ಅಪಾಯವಿರುವ ಕಡೆಗೆ ಕಳುಹಿಸುತ್ತದೆ. ಉಳಿದವರೆಲ್ಲರೂ ಬಿಟ್ಟು ಓಡುವ ಜಾಗಕ್ಕೆ ಅವನು ಓಡಿಹೋಗಬೇಕು. ಅಲ್ಲಿಂದ ಅವನು ಕಾಲು ಮುರಿದುಕೊಂಡೋ ಮನಸ್ಸು ಮುರಿದುಕೊಂಡೋ ಹಿಂದಿರುಗಿದರೆ ಸಮಾಜವು ಅವನಿಗೆ ತೀರಿಸಬೇಕಾದ ಋಣವೆಷ್ಟು? ಅದನ್ನು ಅಳೆಯುವವರು ಯಾರು, ಯಾವ ಕೋಲಿನಿಂದ? ಒಮ್ಮೆ ಅಳೆದದ್ದನ್ನು ಮತ್ತೆ ಮತ್ತೆ ಅಳೆಯಬಹುದೆ? ಈ ಪ್ರಶ್ನೆಗಳಿಗೆ ಇಂಗ್ಲೆಂಡು ಮತ್ತು ವೇಲ್ಸ್ ದೇಶಗಳ ಕಾನೂನು ಸುಮಾರು ಇನ್ನೂರು ವರ್ಷಗಳಲ್ಲಿ ಕಂಡುಕೊಂಡಿರುವ ಉತ್ತರವನ್ನು ನಾವು ಈಗ ಪರಿಶೀಲಿಸೋಣ. ಆಧುನಿಕ ಪೊಲೀಸ್ ದಳವೆಂಬುದು ಹುಟ್ಟಿ ಬೆಳೆದ ನಾಡುಗಳಲ್ಲಿ ಅದು ಮುಖ್ಯವಾದುದಾದ್ದರಿಂದ, ಅಲ್ಲಿಯ ಜನ ಈ ಲೆಕ್ಕವನ್ನು ಹೇಗೆ ಇಟ್ಟಿದ್ದಾರೆಂಬುದು ತಿಳಿಯತಕ್ಕ ಸಂಗತಿ.

ಮೊದಲಿಗೆ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಎರಡು ಬೇರೆ ಬೇರೆ ವಸ್ತುಗಳನ್ನು ಒಂದೆಂದು ಭಾವಿಸುವುದು ಈ ವಿಷಯದಲ್ಲಿ ಸಾಮಾನ್ಯವಾದ ತಪ್ಪು. ಒಂದು, ಅನಾರೋಗ್ಯದ ಕಾರಣದಿಂದ ಅವಧಿಗೆ ಮುಂಚೆಯೇ ಆಗುವ ನಿವೃತ್ತಿ, ಮತ್ತು ಅದರೊಡನೆ ಬರುವ ಪಿಂಚಣಿ. ಇದಕ್ಕೆ ಕಾಯಿಲೆ ಎಲ್ಲಿಂದ ಬಂತೆಂಬುದು ಮುಖ್ಯವಲ್ಲ. ಹೃದ್ರೋಗವಾಗಲಿ, ರಜೆಯ ದಿನ ಮನೆಯ ಏಣಿಯಿಂದ ಬಿದ್ದು ಬೆನ್ನು ಕೆಟ್ಟುದಾಗಲಿ, ಇನ್ನು ಮುಂದೆ ಪೊಲೀಸಿನ ಕೆಲಸ ಇವನಿಂದ ಸಾಧ್ಯವಿಲ್ಲವೆಂದು ಸಿದ್ಧವಾದರೆ ಸಾಕು. ಇನ್ನೊಂದು, ಗಾಯದ ಪರಿಹಾರ. ಇದು ಕರ್ತವ್ಯನಿರ್ವಹಣೆಯಲ್ಲಿ ತಗುಲಿದ ಗಾಯಕ್ಕೆ ಮಾತ್ರ ಸಲ್ಲುವಂಥದು. ಮೊದಲನೆಯದು ಆತನು ತನ್ನ ಸಂಬಳದಿಂದ ವಂತಿಗೆ ಕೊಟ್ಟು ಗಳಿಸಿಕೊಂಡುದರ ಮುಂಗಡವಾದ ರೂಪ. ಎರಡನೆಯದಕ್ಕೆ ಅವನು ಒಂದು ಕಾಸನ್ನೂ ವಂತಿಗೆಯಾಗಿ ಕೊಟ್ಟಿರಬೇಕಾದುದಿಲ್ಲ. ಒಬ್ಬನಿಗೆ ಮೊದಲನೆಯದು ಮಾತ್ರ ಸಿಕ್ಕಬಹುದು, ಮತ್ತೊಬ್ಬನಿಗೆ ಎರಡೂ ಸಿಕ್ಕಬಹುದು. ಪೂರ್ಣ ಅವಧಿ ಸೇವೆಮಾಡಿ ಕ್ರಮವಾಗಿ ನಿವೃತ್ತನಾದವನಿಗೆ ಎಷ್ಟೋ ಕಾಲದ ಮೇಲೆ ಹಳೆಯ ಪೆಟ್ಟು ಮರುಕಳಿಸಿ ಅಶಕ್ತನಾದರೆ, ಆಗ ಎರಡನೆಯದು ಮಾತ್ರ ಹೊಸದಾಗಿ ಬರಬಹುದು.

ಇತಿಹಾಸವನ್ನು ಸ್ವಲ್ಪ ನೋಡೋಣ. ರಾಬರ್ಟ್ ಪೀಲನು ೧೮೨೯ರಲ್ಲಿ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ದಳವನ್ನು ಸ್ಥಾಪಿಸಿದಾಗ ಕಾನ್‌ಸ್ಟೇಬಲನ ಸಂಬಳ ವಾರಕ್ಕೆ ೨೧ ಷಿಲಿಂಗು. ಆ ನೀಲಿ ಅಂಗಿಯವರನ್ನು ಜನ ಪ್ರೀತಿಯಿಂದ ಬರಮಾಡಿಕೊಂಡರೆಂದು ಯಾರೂ ತಿಳಿಯಬಾರದು. ೧೮೩೩ನೆಯ ಇಸವಿ ಮೇ ೧೩ರಂದು ಲಂಡನ್ನಿನ ಕೋಲ್ಡ್‌ಬಾತ್ ಫೀಲ್ಡ್ಸ್ ಎಂಬಲ್ಲಿ ನಡೆದ ರಾಜಕೀಯ ಸಭೆಯನ್ನು ಪೊಲೀಸರು ಚೆದರಿಸುವಾಗ ರಾಬರ್ಟ್ ಕಲ್ಲಿ ಎಂಬ ಕಾನ್‌ಸ್ಟೇಬಲನು ಇರಿತಕ್ಕೆ ಸಿಕ್ಕಿ ಸತ್ತನು. ಸಾವಿನ ವಿಚಾರಣೆಗೆ ಕುಳಿತ ಪಂಚರು ಅದನ್ನು ನ್ಯಾಯಸಮ್ಮತವಾದ ನರಹತ್ಯೆಯೆಂದು ತೀರ್ಪಿತ್ತರು! ಆ ತೀರ್ಪನ್ನು ಮೇಲಿನ ನ್ಯಾಯಾಲಯ ತರುವಾಯ ರದ್ದುಮಾಡಿತಾದರೂ, ಆ ಕಾಲದ ಸಾರ್ವಜನಿಕರ ಮನಸ್ಸು ಎತ್ತ ವಾಲಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಇಂಥ ಹವೆಯಲ್ಲಿ ಗಾಯಗೊಂಡ ಪೊಲೀಸಿನವನಿಗೆ ಹಕ್ಕಿನ ಪಿಂಚಣಿ ಎಂಬ ಮಾತು ಹೇಗೆ ಹುಟ್ಟಬೇಕು? ೧೮೩೯ರಲ್ಲಿ ಲಂಡನ್ ದಳಕ್ಕೆ ಒಂದು ನಿವೃತ್ತಿ ನಿಧಿ ಏರ್ಪಟ್ಟಿತು. ಸಂಬಳದಲ್ಲಿ ಅಲ್ಪಭಾಗವನ್ನು ಮುರಿದುಕೊಂಡು ಅದಕ್ಕೆ ತುಂಬುತ್ತಿದ್ದರು. ಆದರೆ ಅದರಿಂದ ಯಾರಿಗೆ ಎಷ್ಟು ಕೊಡಬೇಕೆಂಬುದು ಮೇಲಧಿಕಾರಿಗಳ ಕೃಪೆಗೆ ಬಿಟ್ಟ ಮಾತಾಗಿತ್ತು. ಪ್ರಾಂತಗಳ ದಳಗಳಲ್ಲಿಯೂ ಸ್ಥಿತಿ ಹೆಚ್ಚುಕಡಮೆ ಹೀಗೆಯೇ. ಕೈ ಮುರಿದವನು ಅರ್ಜಿ ಹಿಡಿದು ಬಾಗಿಲಲ್ಲಿ ನಿಲ್ಲಬೇಕು. ಕೊಟ್ಟರೆ ಉಂಟು, ಕೊಡದಿದ್ದರೆ ಕೇಳುವವರಿಲ್ಲ.

ಕೃಪೆಯು ಹಕ್ಕಾಗಿ ಮಾರ್ಪಟ್ಟುದು ೧೮೯೦ನೆಯ ಪೊಲೀಸ್ ಕಾಯಿದೆಯಿಂದ. ಇಪ್ಪತ್ತೈದು ವರ್ಷ ಸೇವೆಮಾಡಿದವನಿಗೆ ಪಿಂಚಣಿ. ಹದಿನೈದು ವರ್ಷವಾದ ಮೇಲೆ ದೇಹದ ಅಥವಾ ಮನಸ್ಸಿನ ದೌರ್ಬಲ್ಯದಿಂದ ಅಶಕ್ತನಾದವನಿಗೆ ಪಿಂಚಣಿ. ಕರ್ತವ್ಯನಿರ್ವಹಣೆಯಲ್ಲಿ, ತನ್ನ ತಪ್ಪಿಲ್ಲದೆ ಗಾಯಗೊಂಡು ಅಶಕ್ತನಾದವನಿಗೆ ಸೇವೆ ಎಷ್ಟೇ ಕಡಮೆಯಾಗಿರಲಿ ಪಿಂಚಣಿ. ಈ ಮೂರನೆಯ ಉಪವಾಕ್ಯವೇ ಇಂದಿನ ಗಾಯದ ಪರಿಹಾರದ ಬೀಜ. 'ಕರ್ತವ್ಯನಿರ್ವಹಣೆಯಲ್ಲಿ', 'ತನ್ನ ತಪ್ಪಿಲ್ಲದೆ' ಎಂಬ ಎರಡು ಪದಪುಂಜಗಳು ವಿಕ್ಟೋರಿಯಾ ರಾಣಿಯ ಕಾಲದಿಂದ ಇಂದಿನವರೆಗೆ ಹೆಚ್ಚು ಮಾರ್ಪಾಡಿಲ್ಲದೆ ಉಳಿದುಬಂದಿವೆ. ನ್ಯಾಯವಾದಿಗಳು ಇವೆರಡರ ಸುತ್ತ ಸುರಿಸಿರುವ ಮಸಿಯೇ ಒಂದು ಕೆರೆಯಾದೀತು.

ಪೊಲೀಸಿನವನಿಗೆ ಹೀಗೆ ಪ್ರತ್ಯೇಕವಾದ ಏರ್ಪಾಡು ಏಕೆ ಬೇಕಾಯಿತೆಂದು ಕೇಳಬಹುದು. ಕಾರಖಾನೆಯ ಕೂಲಿಗಾರನಿಗೆ ೧೮೯೭ರಿಂದಲೇ ಕಾರ್ಮಿಕ ಪರಿಹಾರದ ಕಾಯಿದೆ ಇತ್ತಷ್ಟೆ. ಆದರೆ ೧೯೦೬ರಲ್ಲಿ ಅದೇ ಕಾಯಿದೆಯನ್ನು ವಿಸ್ತರಿಸಿದಾಗ 'ಕಾರ್ಮಿಕ' ಎಂಬ ಶಬ್ದದ ಅರ್ಥದಿಂದ ಪೊಲೀಸ್ ದಳದವರನ್ನು ಸ್ಪಷ್ಟವಾಗಿ ಹೊರಗಿಟ್ಟರು. ಇಂಗ್ಲಿಷ್ ಕಾನೂನಿನ ದೃಷ್ಟಿಯಲ್ಲಿ ಕಾನ್‌ಸ್ಟೇಬಲನು ಯಾರ ನೌಕರನೂ ಅಲ್ಲ. ಅವನದು ಒಂದು ಪದವಿ. ತನ್ನ ಅಧಿಕಾರವನ್ನು ಅವನು ಊರಿನ ಪುರಸಭೆಯಿಂದಾಗಲಿ ಮೇಲಧಿಕಾರಿಯಿಂದಾಗಲಿ ಪಡೆದುಕೊಂಡವನಲ್ಲ, ಪದವಿಯಿಂದಲೇ ಪಡೆದವನು. ಓಲ್ಡಮ್ ಪಟ್ಟಣದ ಪೊಲೀಸರು ತಪ್ಪಾಗಿ ಒಬ್ಬನನ್ನು ಹಿಡಿದಿಟ್ಟುಕೊಂಡದ್ದಕ್ಕೆ ಪುರಸಭೆ ಹೊಣೆಯಲ್ಲವೆಂದು ೧೯೩೦ರಲ್ಲಿ ನ್ಯಾಯಾಲಯ ಹೇಳಿದುದು ಈ ತತ್ತ್ವದ ಮೇಲೆಯೇ. ಯಜಮಾನನಿಲ್ಲದವನಿಗೆ ಯಜಮಾನನ ಹೊಣೆಗಾರಿಕೆಯೂ ಇಲ್ಲ. ಪದವಿಯ ಗೌರವವು ಹೀಗೆ ಅವನನ್ನು ಸಾಮಾನ್ಯ ಕೂಲಿಗಾರನಿಗಿದ್ದ ರಕ್ಷಣೆಯಿಂದ ಹೊರಗೆ ನಿಲ್ಲಿಸಿತು. ಗೌರವವು ಹೊಟ್ಟೆ ತುಂಬಿಸದೆಂಬುದನ್ನು ೧೯೧೮ ಮತ್ತು ೧೯೧೯ರಲ್ಲಿ ಮುಷ್ಕರ ಹೂಡಿದ ಪೊಲೀಸರು ಸರಕಾರಕ್ಕೆ ತಿಳಿಯಪಡಿಸಿದರು. ಡೆಸ್‌ಬರೋ ಸಮಿತಿ ಕುಳಿತು ಸಂಬಳ ಸಾರಿಗೆಗಳನ್ನು ಪರಿಶೀಲಿಸಿತು. ೧೯೧೯ರ ಕಾಯಿದೆ ಪೊಲೀಸರು ಕಾರ್ಮಿಕ ಸಂಘಗಳನ್ನು ಸೇರುವುದನ್ನು ನಿಷೇಧಿಸಿ ಅದರ ಸ್ಥಾನದಲ್ಲಿ ಪೊಲೀಸ್ ಫೆಡರೇಷನ್ನನ್ನು ಕೊಟ್ಟಿತು. ೧೯೨೧ರಲ್ಲಿ ಪಿಂಚಣಿಗಳ ಕಾಯಿದೆ ಬಂತು. ಮುಷ್ಕರದ ಹಕ್ಕು ಹೋಯಿತು, ಪಿಂಚಣಿಯ ಹಕ್ಕು ಬಲವಾಯಿತು. ಈ ವಿನಿಮಯವನ್ನು ನೆನಪಿನಲ್ಲಿಟ್ಟುಕೊಂಡರೆ, ಪಿಂಚಣಿಯ ವಿಷಯ ಬಂದಾಗ ಅಲ್ಲಿಯ ಪೊಲೀಸರು ಏಕೆ ಅಷ್ಟು ಕಟುವಾಗಿ ವಾದಿಸುತ್ತಾರೆಂಬುದು ಅರ್ಥವಾಗುತ್ತದೆ.

ಈಗ ಜಾರಿಯಲ್ಲಿರುವ ನಿಬಂಧನೆಗಳಿಗೆ ಬರೋಣ. ಪಿಂಚಣಿಗೆ ೧೯೮೭, ೨೦೦೬ ಮತ್ತು ೨೦೧೫ನೆಯ ಇಸವಿಗಳ ಮೂರು ಯೋಜನೆಗಳಿವೆ. ೨೦೨೨ನೆಯ ಏಪ್ರಿಲಿನಿಂದೀಚೆಗೆ ಸೇವೆಯಲ್ಲಿರುವವರೆಲ್ಲರೂ ಮುಂದಿನ ಸೇವೆಗೆ ಮೂರನೆಯದರ ಅಡಿಯಲ್ಲಿಯೇ ಇದ್ದಾರೆ. ಇವುಗಳ ಸೂಕ್ಷ್ಮ ಭೇದಗಳಿಂದ ಶ್ರೋತೃಗಳನ್ನು ದಣಿಸುವ ಇಚ್ಛೆ ನಮಗಿಲ್ಲ. ಒಂದನ್ನು ಮಾತ್ರ ಹೇಳಬೇಕು. ಹಳೆಯ ೧೯೮೭ರ ಯೋಜನೆಯಲ್ಲಿ ಪೊಲೀಸಿನ ಕೆಲಸಕ್ಕೆ ಅಶಕ್ತನಾದವನೆಲ್ಲನಿಗೂ ಒಂದೇ ಬಗೆಯ ಪಿಂಚಣಿ. ಅಂಗಡಿಯಲ್ಲಿ ಕುಳಿತು ಲೆಕ್ಕ ಬರೆಯಬಲ್ಲವನಿಗೂ ಹಾಸಿಗೆ ಹಿಡಿದವನಿಗೂ ಅಲ್ಲಿ ಭೇದವಿರಲಿಲ್ಲ. ೨೦೦೬ರ ಯೋಜನೆ ಎರಡು ಮೆಟ್ಟಿಲುಗಳನ್ನು ಮಾಡಿತು. ಪೊಲೀಸಿನ ಕೆಲಸಕ್ಕೆ ಮಾತ್ರ ಅಶಕ್ತನಾದವನಿಗೆ ಕೆಳಗಿನ ಮೆಟ್ಟಿಲು. ವಾರಕ್ಕೆ ಸರಾಸರಿ ಮೂವತ್ತು ಗಂಟೆಯ ಯಾವ ಉದ್ಯೋಗಕ್ಕೂ ಒದಗದವನಿಗೆ ಮೇಲಿನದು. ೨೦೧೫ರ ಯೋಜನೆಯಲ್ಲಿಯೂ ಹೀಗೆಯೇ ಎರಡು ಮೆಟ್ಟಿಲುಗಳಿವೆ. ಬೊಕ್ಕಸದ ದೃಷ್ಟಿಯಿಂದ ಇದು ವಿವೇಕವೆನ್ನಬಹುದು. ಗಾಯದ ಪರಿಹಾರಕ್ಕಾದರೋ ೨೦೦೬ನೆಯ ಇಸವಿಯ ಪ್ರತ್ಯೇಕವಾದ ನಿಬಂಧನೆಗಳೇ ಆಧಾರ. ಅಧಿಕಾರಿ ಯಾವ ಪಿಂಚಣಿ ಯೋಜನೆಗೆ ಸೇರಿದ್ದರೂ ಇದು ಒಂದೇ.

ಈ ನಿಬಂಧನೆಗಳು ವೈದ್ಯನ ಮುಂದೆ ನಾಲ್ಕು ಪ್ರಶ್ನೆಗಳನ್ನಿಡುತ್ತವೆ. ಈತನು ಅಶಕ್ತನೆ? ಅಶಕ್ತತೆ ಶಾಶ್ವತವಾಗುವ ಸಂಭವವುಂಟೆ? ಅದು ಕರ್ತವ್ಯನಿರ್ವಹಣೆಯಲ್ಲಿ ಆದ ಗಾಯದ ಫಲವೆ? ಹಾಗಾದರೆ ಅದರ ಪ್ರಮಾಣವೆಷ್ಟು? ನೋಡುವುದಕ್ಕೆ ಇವು ಸರಳವಾದುವು. ಆದರೆ ಪ್ರತಿಯೊಂದೂ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿ ಇಳಿದಿದೆ.

ಅಶಕ್ತತೆಯೆಂದರೆ 'ದಳದ ಸದಸ್ಯನ ಸಾಮಾನ್ಯ ಕರ್ತವ್ಯಗಳನ್ನು' ನಡಸಲಾರದ ಸ್ಥಿತಿ. ಇಲ್ಲಿ ಒಂದು ಸಂದೇಹ ಹುಟ್ಟುತ್ತದೆ. ಮಂಡಿ ಕೆಟ್ಟ ಕಾನ್‌ಸ್ಟೇಬಲನು ಓಡಲಾರ, ಕಳ್ಳನನ್ನು ಹಿಡಿದು ನಿಲ್ಲಿಸಲಾರ. ಆದರೆ ಠಾಣೆಯಲ್ಲಿ ಕುಳಿತು ದೂರವಾಣಿಗೆ ಉತ್ತರ ಹೇಳಬಲ್ಲ, ಕಡತಗಳನ್ನು ನೋಡಬಲ್ಲ. ದಳದಲ್ಲಿ ಅಂಥ ಕೆಲಸವೂ ಇದೆಯಲ್ಲ. ಆದುದರಿಂದ ಅವನು ಅಶಕ್ತನಲ್ಲವೆಂದು ವಾದಿಸಬಹುದೆ? ೨೦೦೦ದಲ್ಲಿ ಅಪೀಲು ನ್ಯಾಯಾಲಯವು ಹಾಗೆ ವಾದಿಸಲಾಗದೆಂದು ಹೇಳಿತು. ಸಾಮಾನ್ಯ ಕರ್ತವ್ಯಗಳೆಂದರೆ ಕಾನ್‌ಸ್ಟೇಬಲಿನ ಪದವಿಗೆ ಸೇರಿದ ಕರ್ತವ್ಯಗಳು. ಈಗ ಅವನು ಕುಳಿತಿರುವ ಕುರ್ಚಿಯ ಕೆಲಸವಲ್ಲ. ಸಾಕಷ್ಟು ದೂರ ನಡೆಯುವುದು, ಓಡುವುದು, ಹೊತ್ತುಗಟ್ಟಲೆ ನಿಲ್ಲುವುದು, ಪ್ರತಿಭಟಿಸುವವನನ್ನು ಹಿಡಿದು ತಡೆಯುವುದು. ಜತೆಗೆ ಕುಳಿತು ಬರೆಯುವುದು, ಸಂಗತಿಗಳನ್ನು ಗ್ರಹಿಸಿ ನೆನಪಿಟ್ಟು ವಿವರಿಸುವುದು, ತೀರ್ಮಾನ ಮಾಡುವುದು, ಇವೆಲ್ಲವೂ ಆ ಪದವಿಯ ಅಂಗಗಳೆಂದು ಗೃಹಮಂತ್ರಿ ಶಾಖೆಯ ಮಾರ್ಗದರ್ಶನವೂ ಎಣಿಸುತ್ತದೆ. ಆದರೆ ಅಶಕ್ತನೆಂದು ವೈದ್ಯನು ಹೇಳಿದ ಮಾತ್ರಕ್ಕೆ ನಿವೃತ್ತಿ ಸಿದ್ಧವಾಯಿತೆಂದೂ ಭಾವಿಸಬಾರದು. ಹಾಗೆ ನಿವೃತ್ತಿಗೊಳಿಸುವುದೋ, ಕುರ್ಚಿಯ ಕೆಲಸದಲ್ಲಿ ಉಳಿಸಿಕೊಳ್ಳುವುದೋ ಎಂಬ ವಿವೇಚನೆ ದಳದ ಮುಖ್ಯಸ್ಥನದು. ವೈದ್ಯನು ಬಾಗಿಲನ್ನು ತೆರೆಯುತ್ತಾನೆ. ಹೊರಗೆ ಕಳುಹಿಸುವವನು ಬೇರೆ. ಹೀಗಾಗಿ ಮನೆಗೆ ಹೋಗಬೇಕೆನ್ನುವವನನ್ನು ಉಳಿಸಿಕೊಂಡುದೂ, ಉಳಿಯಬೇಕೆನ್ನುವವನನ್ನು ಕಳುಹಿಸಿದುದೂ ಎರಡೂ ದೂರಿಗೆ ಕಾರಣವಾಗುತ್ತವೆ. ಇಪ್ಪತ್ತು ವರ್ಷ ಒಂದೇ ಸಮವಸ್ತ್ರದಲ್ಲಿ ಕಳೆದವನಿಗೆ ಪಿಂಚಣಿಯ ಮೊಬಲಗಿಗಿಂತ ಈ ತೀರ್ಮಾನವೇ ಹೆಚ್ಚು ಭಾರವೆಂದು ನಮಗೆ ತೋರುತ್ತದೆ.

ಶಾಶ್ವತತೆಯ ಪ್ರಶ್ನೆಯನ್ನು ಬೇಗ ಮುಗಿಸಬಹುದು. ರೋಗಿಗೆ ಸಾಮಾನ್ಯವಾಗಿ ತಕ್ಕುದಾದ ಚಿಕಿತ್ಸೆ ದೊರಕುವುದೆಂದು ಊಹಿಸಿಕೊಂಡು, ಆಮೇಲೂ ಅಶಕ್ತತೆ ಉಳಿಯುವುದೆ ಎಂದು ವೈದ್ಯನು ನೋಡಬೇಕು. ಆದರೆ ಯಾವ ಚಿಕಿತ್ಸೆಯನ್ನು ರೋಗಿಯು ಬೇಡವೆನ್ನುವುದು ನ್ಯಾಯವಾದುದೋ ಅದನ್ನು ಲೆಕ್ಕಕ್ಕೆ ಹಿಡಿಯಕೂಡದು. ಬೆನ್ನುಹುರಿಯ ಹತ್ತಿರ ಕತ್ತಿಯಾಡಿಸುವ ಶಸ್ತ್ರಚಿಕಿತ್ಸೆಗೆ ಒಬ್ಬನು ಅಂಜಿದರೆ, ಅಂಜಿದುದಕ್ಕಾಗಿ ಅವನ ಪಿಂಚಣಿ ಹೋಗಬಾರದೆಂದು ಇದರ ತಾತ್ಪರ್ಯ.

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ತೊಡಕಿನದು. ಕರ್ತವ್ಯನಿರ್ವಹಣೆಯ ಗಡಿಯನ್ನು ನಿಬಂಧನೆಗಳು ಉದಾರವಾಗಿಯೇ ಎಳೆದಿವೆ. ಕೆಲಸದ ಹೊತ್ತಿನಲ್ಲಿ ಆದ ಗಾಯವಲ್ಲದೆ, ಕೆಲಸಕ್ಕೆ ಹೋಗುವ ಮತ್ತು ಕೆಲಸದಿಂದ ಮನೆಗೆ ಬರುವ ಪ್ರಯಾಣದಲ್ಲಿ ಆದುದೂ ಸೇರುತ್ತದೆ. ಈತನು ಪೊಲೀಸಿನವನೆಂದು ಗುರುತಿಸಿ ಯಾರಾದರೂ ಬಿಡುವಿನ ದಿನ ಹೊಡೆದರೆ ಅದೂ ಸೇರುತ್ತದೆ. ತಪ್ಪಿನ ವಿಷಯದಲ್ಲಿಯೂ ಹಾಗೆಯೇ. ಗಂಭೀರವೂ ದೂಷ್ಯವೂ ಆದ ಅಲಕ್ಷ್ಯದಿಂದ ಅಥವಾ ದುರ್ನಡತೆಯಿಂದ ಪೂರ್ತಿಯಾಗಿಯೋ ಬಹುಮಟ್ಟಿಗೋ ಆದ ಗಾಯವನ್ನು ಬಿಟ್ಟರೆ ಉಳಿದುದೆಲ್ಲವೂ 'ತನ್ನ ತಪ್ಪಿಲ್ಲದೆ' ಆದುದೆಂದೇ ಎಣಿಕೆ. ಕಳ್ಳನ ಬೆನ್ನಟ್ಟುವಾಗ ಸ್ವಲ್ಪ ನೋಡಿಕೊಂಡು ಓಡಬೇಕಾಗಿತ್ತೆಂದು ಯಾರೂ ಲೆಕ್ಕ ಹೇಳುವಂತಿಲ್ಲ. ಗಾಯವೊಂದೇ ಪೂರ್ತಿ ಕಾರಣವಾಗಿರಬೇಕೆಂದೂ ಇಲ್ಲ. ಅಶಕ್ತತೆಗೆ ಅದು ಗಣನೀಯವಾಗಿ ಸಹಾಯಮಾಡಿದ್ದರೆ ಸಾಕು.

ಗಾಯವೆಂಬ ಶಬ್ದಕ್ಕೆ ದೇಹದ್ದಾಗಲಿ ಮನಸ್ಸಿನದ್ದಾಗಲಿ ಯಾವ ಪೆಟ್ಟೂ ಯಾವ ರೋಗವೂ ಎಂದು ನಿಬಂಧನೆ ಅರ್ಥಹೇಳುತ್ತದೆ. ಇದರ ಬೆಲೆ ತಿಳಿಯಬೇಕಾದರೆ ಹಿಲ್ಸ್‌ಬರೋ ದುರಂತವನ್ನು ನೆನೆಯಬೇಕು. ೧೯೮೯ನೆಯ ಏಪ್ರಿಲ್ ೧೫ರಂದು ಷೆಫೀಲ್ಡ್ ನಗರದ ಕಾಲ್ಚೆಂಡಿನ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ೯೭ ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಕೊನೆಯವನು ಆ ದಿನದ ಗಾಯಗಳ ಫಲವಾಗಿ ೨೦೨೧ರಲ್ಲಿ ತೀರಿಕೊಂಡವನು. ಮೃತರನ್ನೂ ಸಾಯುತ್ತಿದ್ದವರನ್ನೂ ಕೈಯಲ್ಲಿ ಎತ್ತಿದ ಕೆಲವು ಪೊಲೀಸ್ ಅಧಿಕಾರಿಗಳ ಮನಸ್ಸು ಆ ದೃಶ್ಯದಿಂದ ಕೆಟ್ಟಿತು. ದುರಂತಕ್ಕೆ ಪೊಲೀಸರ ಅಲಕ್ಷ್ಯವೇ ಕಾರಣವಾಗಿದ್ದುದರಿಂದ ಅವರು ತಮ್ಮದೇ ದಳದ ಮುಖ್ಯಸ್ಥನ ಮೇಲೆ ನಷ್ಟಪರಿಹಾರದ ದಾವೆ ಹೂಡಿದರು. ೧೯೯೮ರಲ್ಲಿ ಪ್ರಭುಗಳ ಸಭೆ ಬಹುಮತದಿಂದ ಆ ದಾವೆಯನ್ನು ತಳ್ಳಿಹಾಕಿತು; ತಮ್ಮ ದೇಹಕ್ಕೆ ಅಪಾಯವಿಲ್ಲದೆ ಪರರ ಕಷ್ಟವನ್ನು ಕಂಡು ಮನಸ್ಸು ಕೆಟ್ಟವರಿಗೆ ಸಾಮಾನ್ಯ ಕಾನೂನು ಹಾಕಿರುವ ಕಟ್ಟುಗಳನ್ನು ಪೊಲೀಸರಿಗಾಗಿ ಸಡಿಲಿಸಲಾಗದೆಂದು ಅದರ ನಿರ್ಣಯ. ಸತ್ತವರ ಬಂಧುಗಳ ದಾವೆಗಳೇ ಅದಕ್ಕೆ ಮುಂಚೆ ಸೋತಿದ್ದಾಗ, ಪೊಲೀಸರು ಮಾತ್ರ ಗೆದ್ದಿದ್ದರೆ ಜನ ಸಹಿಸುತ್ತಿದ್ದರೆ ಎಂಬುದೂ ಯೋಚಿಸತಕ್ಕ ಮಾತು. ಆದರೆ ಗಾಯದ ಪರಿಹಾರದ ನಿಬಂಧನೆಯಲ್ಲಿ ಈ ಕಟ್ಟುಗಳೊಂದೂ ಇಲ್ಲ. ಯಾರ ಅಲಕ್ಷ್ಯವನ್ನೂ ಸಾಧಿಸಬೇಕಾದುದಿಲ್ಲ. ಯಾರ ತಪ್ಪೂ ಇಲ್ಲದೆ ಒದಗಿದ ದೃಶ್ಯವೂ ಸಾಕು. ನ್ಯಾಯಾಲಯದಲ್ಲಿ ಮುಚ್ಚಿದ ಬಾಗಿಲು ಪಿಂಚಣಿಯ ಕಚೇರಿಯಲ್ಲಿ ತೆರೆದಿದೆ.

ಹಾಗೆಂದು ಆ ಬಾಗಿಲಿಗೆ ಚೌಕಟ್ಟೇ ಇಲ್ಲವೆಂದಲ್ಲ. ತನ್ನ ಮೇಲೆ ನಡೆದ ಶಿಸ್ತಿನ ತನಿಖೆಯ ಕೊರಗಿನಿಂದ ಮನಸ್ಸು ಕುಗ್ಗಿದ ಒಬ್ಬ ಕಾನ್‌ಸ್ಟೇಬಲನ ಮೊಕದ್ದಮೆ ೨೦೦೧ರಲ್ಲಿ ಅಪೀಲು ನ್ಯಾಯಾಲಯಕ್ಕೆ ಬಂತು. ತನಿಖೆಗೆ ಒಳಗಾಗುವುದು ಪೊಲೀಸಿನವನಾಗಿದ್ದುದರ ಫಲವೇ ಹೊರತು ಪೊಲೀಸಿನ ಕೆಲಸವನ್ನು ಮಾಡಿದುದರ ಫಲವಲ್ಲವೆಂದು ನ್ಯಾಯಾಧೀಶರು ಭೇದ ಕಲ್ಪಿಸಿದರು; ಪರಿಹಾರ ದೊರೆಯಲಿಲ್ಲ. ತರ್ಕದಲ್ಲಿ ಈ ಗೆರೆ ಸ್ಪಷ್ಟವಾಗಿದೆ. ಬದುಕಿನಲ್ಲಿ ಅಷ್ಟು ಸ್ಪಷ್ಟವಲ್ಲ. ದೊಂಬಿಯಲ್ಲಿ ಹೆದರಿದ ಅಧಿಕಾರಿಯ ಮೇಲೆ ಅದೇ ದೊಂಬಿಯ ನಡತೆಗಾಗಿ ತನಿಖೆಯೂ ನಡೆದರೆ, ಅವನ ಮನಸ್ಸಿನ ಬಿರುಕಿನಲ್ಲಿ ಎಷ್ಟು ಭಾಗ ಬೀದಿಯದು, ಎಷ್ಟು ಭಾಗ ಕಚೇರಿಯದು ಎಂದು ಬೇರ್ಪಡಿಸುವ ವೈದ್ಯನ ಮೇಲೆ ನಮಗೆ ಮರುಕವೇ ಹುಟ್ಟುತ್ತದೆ.

ಇನ್ನು ಪ್ರಮಾಣದ ಪ್ರಶ್ನೆ. ಇಲ್ಲಿ ಕೇಳುವವರು ಮೊದಲು ಬೆರಗಾಗುತ್ತಾರೆ. ಅಶಕ್ತತೆಯನ್ನು ಅಳೆಯುವ ಕೋಲು ನೋವಲ್ಲ, ಕಳೆದ ಅಂಗವೂ ಅಲ್ಲ, ಸಂಪಾದನೆಯ ಶಕ್ತಿ. ಗಾಯವಿಲ್ಲದಿದ್ದರೆ ಎಷ್ಟು ಸಂಪಾದಿಸಬಲ್ಲವನಾಗಿದ್ದನು, ಈಗ ಎಷ್ಟು ಸಂಪಾದಿಸಬಲ್ಲನು, ಈ ಎರಡರ ಅಂತರವೇ ಅಶಕ್ತತೆಯ ಪ್ರಮಾಣ. ಒಂದು ಬೆರಳು ಹೋದ ಪಿಟೀಲುಗಾರನಿಗೂ ವಕೀಲನಿಗೂ ನಷ್ಟ ಒಂದೇ ಅಲ್ಲವಷ್ಟೆ. ಹೀಗೆ ಬಂದ ಅಂತರವನ್ನು ನಾಲ್ಕು ದರ್ಜೆಗಳಲ್ಲಿ ಇಡುತ್ತಾರೆ. ಶೇಕಡ ೨೫ರವರೆಗೆ ಅಲ್ಪ. ೨೫ನ್ನು ಮೀರಿ ೫೦ರವರೆಗೆ ಸಾಧಾರಣ. ಅಲ್ಲಿಂದ ೭೫ರವರೆಗೆ ಅಧಿಕ. ಅದಕ್ಕೆ ಮೇಲ್ಪಟ್ಟುದು ತೀವ್ರ. ದರ್ಜೆಗೆ ತಕ್ಕಂತೆ ಒಂದು ಇಡುಗಂಟು ಸಿಕ್ಕುತ್ತದೆ. ಅದು ಸರಾಸರಿ ವಾರ್ಷಿಕ ಸಂಬಳದ ಶೇಕಡ ಹನ್ನೆರಡೂವರೆ, ೨೫, ಮೂವತ್ತೇಳೂವರೆ, ಅಥವಾ ೫೦. ಇದಲ್ಲದೆ ವರ್ಷ ವರ್ಷವೂ ಕನಿಷ್ಠ ಆದಾಯದ ಭರವಸೆಯೊಂದುಂಟು. ತೀವ್ರ ದರ್ಜೆಯವನಿಗೆ ಸೇವೆ ಎಷ್ಟೇ ಇರಲಿ ಸಂಬಳದ ಶೇಕಡ ೮೫. ಉಳಿದ ದರ್ಜೆಗಳಲ್ಲಿ ಸೇವೆ ಹೆಚ್ಚಿದಂತೆ ಭರವಸೆಯೂ ಏರುತ್ತದೆ. ಐದು ವರ್ಷವೂ ತುಂಬದ ಅಲ್ಪ ದರ್ಜೆಯವನಿಗೆ ಶೇಕಡ ೧೫, ಇಪ್ಪತ್ತೈದು ವರ್ಷ ಕಳೆದವನಿಗೆ ಅದೇ ದರ್ಜೆಯಲ್ಲಿ ೬೦. ಈ ಭರವಸೆಯ ಮೊಬಲಗಿನಿಂದ ಅವನ ಪೊಲೀಸ್ ಪಿಂಚಣಿಯ ಮುಕ್ಕಾಲು ಪಾಲನ್ನೂ, ಅದೇ ಗಾಯಕ್ಕಾಗಿ ಸರಕಾರ ಬೇರೆ ಕಡೆಯಿಂದ ಕೊಡುವ ಕೆಲವು ಭತ್ಯಗಳನ್ನೂ ಕಳೆದು ಉಳಿದುದನ್ನು ಗಾಯದ ಪಿಂಚಣಿಯೆಂದು ಕೊಡುತ್ತಾರೆ.

ಒಂದು ಕಲ್ಪಿತವಾದ ಉದಾಹರಣೆಯಿಂದ ಈ ಲೆಕ್ಕದ ಹರಿತವು ತಿಳಿದೀತು. ಹನ್ನೆರಡು ವರ್ಷ ಸೇವೆಮಾಡಿದ ಕಾನ್‌ಸ್ಟೇಬಲನೊಬ್ಬನ ಸಂಬಳ ವರ್ಷಕ್ಕೆ ೪೦,೦೦೦ ಪೌನು ಎಂದಿಟ್ಟುಕೊಳ್ಳೋಣ. ಗಾಯವಿಲ್ಲದಿದ್ದರೆ ಹೊರಗಿನ ಪೇಟೆಯಲ್ಲಿಯೂ ಅವನು ಅಷ್ಟನ್ನೇ ಸಂಪಾದಿಸಬಲ್ಲನೆಂದು ಎಣಿಸೋಣ. ಗಾಯದ ಮೇಲೆ ಅವನು ೩೦,೦೦೦ ಪೌನು ಸಂಪಾದಿಸಬಲ್ಲನೆಂದು ವೈದ್ಯನು ಅಭಿಪ್ರಾಯಪಟ್ಟರೆ ನಷ್ಟ ಶೇಕಡ ೨೫; ಅಲ್ಪ ದರ್ಜೆ. ಇಷ್ಟು ಸೇವೆಗೆ ಆ ದರ್ಜೆಯ ಭರವಸೆ ಶೇಕಡ ೩೦, ಎಂದರೆ ೧೨,೦೦೦ ಪೌನು; ಇಡುಗಂಟು ೫,೦೦೦. ಅದೇ ವೈದ್ಯನು ೩೦,೦೦೦ಕ್ಕೆ ಬದಲು ೨೯,೦೦೦ ಎಂದಿದ್ದರೆ? ನಷ್ಟ ಶೇಕಡ ಇಪ್ಪತ್ತೇಳೂವರೆ, ದರ್ಜೆ ಸಾಧಾರಣ, ಭರವಸೆ ಶೇಕಡ ೫೦, ಎಂದರೆ ೨೦,೦೦೦ ಪೌನು, ಇಡುಗಂಟು ೧೦,೦೦೦. ವೈದ್ಯನ ಊಹೆಯಲ್ಲಿ ಸಾವಿರ ಪೌನಿನ ವ್ಯತ್ಯಾಸ. ಗಾಯಗೊಂಡವನ ಮನೆಯಲ್ಲಿ ವರ್ಷಕ್ಕೆ ಎಂಟು ಸಾವಿರದ ವ್ಯತ್ಯಾಸ, ಅದೂ ಜೀವಮಾನವಿಡೀ. ದರ್ಜೆಗಳಿಗೆ ಬದಲಾಗಿ ಏರುಗೆರೆಯಂಥ ಲೆಕ್ಕವೊಂದನ್ನು ಇಟ್ಟಿದ್ದರೆ ಈ ಜಿಗಿತ ತಪ್ಪುತ್ತಿತ್ತೆಂದು ನಮಗೆ ತೋರುತ್ತದೆ. ಗಡಿಯಲ್ಲಿ ನಿಂತವರ ಜಗಳಗಳೂ ಅರ್ಧಕ್ಕರ್ಧ ಕಡಮೆಯಾಗುತ್ತಿದ್ದುವು. ಮತ್ತೊಂದು ಮಾತು. ಮನುಷ್ಯನೊಬ್ಬನು ಪೇಟೆಯಲ್ಲಿ ಎಷ್ಟು ಸಂಪಾದಿಸಬಲ್ಲನೆಂಬುದು ವೈದ್ಯಶಾಸ್ತ್ರದ ಪ್ರಶ್ನೆಯೆ? ಎದೆಯ ಬಡಿತವನ್ನು ಕೇಳಲು ಕಲಿತವನಿಗೆ ಉದ್ಯೋಗದ ಪೇಟೆಯ ಧಾರಣೆ ಗೊತ್ತಿರಬೇಕೆಂದು ನಿಯಮವಿಲ್ಲ. ಆದರೂ ಕಾನೂನು ಅವನನ್ನೇ ಕೇಳುತ್ತದೆ, ಅವನು ಹೇಳಿದುದೇ ದಳವನ್ನು ಕಟ್ಟುತ್ತದೆ.

ಈ ವೈದ್ಯನನ್ನು ಆರಿಸುವವನು ಪಿಂಚಣಿ ಕೊಡಬೇಕಾದ ಅಧಿಕಾರಿಯೇ. ೨೦೧೧ರ ಕಾಯಿದೆ ಜಾರಿಗೆ ಬರುವ ಮುಂಚೆ ಅದು ಊರ ಪ್ರಮುಖರಿದ್ದ ಪೊಲೀಸ್ ಮಂಡಲಿ. ತರುವಾಯ ದಳದ ಮುಖ್ಯಸ್ಥನೇ. ಎಂದರೆ ಯಾರ ಬೊಕ್ಕಸದಿಂದ ಹಣ ಹೋಗಬೇಕೋ ಅವನೇ ತೂಗುವವನನ್ನು ನೇಮಿಸುತ್ತಾನೆ. ವೈದ್ಯನು ಸ್ವತಂತ್ರನೆಂದು ಕಾನೂನು ಹೇಳುತ್ತದೆ, ಹೆಚ್ಚಿನವರು ಹಾಗೆಯೇ ನಡೆದುಕೊಳ್ಳುತ್ತಾರೆಂದೂ ನಂಬೋಣ. ಆದರೂ ಗಾಯಗೊಂಡವನ ಕಣ್ಣಿಗೆ ಇದು ಬೇರೆಯಾಗಿ ಕಂಡರೆ ಅವನನ್ನು ತಪ್ಪೆನ್ನಲಾಗದು. ಇದಕ್ಕೆ ಮದ್ದಾಗಿ ಅಪೀಲಿನ ಅವಕಾಶವಿದೆ. ವರದಿ ಕೈಸೇರಿದ ೨೮ ದಿನಗಳೊಳಗೆ ಅಸಮ್ಮತಿಯನ್ನು ತಿಳಿಸಿದರೆ ವಿಷಯವು ಮೂವರಿಗೆ ಕಡಮೆಯಿಲ್ಲದ ವೈದ್ಯರ ಮಂಡಲಿಗೆ ಹೋಗುತ್ತದೆ. ಅವರಲ್ಲೊಬ್ಬನು ಆ ರೋಗದ ವಿಶೇಷಜ್ಞನಾಗಿರಬೇಕು. ಅಲ್ಲಿಂದ ಮುಂದೆ, ಕಾನೂನಿನ ತಪ್ಪೇನಾದರೂ ನಡೆದಿದ್ದರೆ, ಉಚ್ಚ ನ್ಯಾಯಾಲಯ.

ಕಡೆಯದಾಗಿ ಪುನರ್ವಿಮರ್ಶೆಯ ಪ್ರಕರಣ. 'ತಕ್ಕ ಅವಧಿಗಳಲ್ಲಿ' ಅಶಕ್ತತೆಯ ಪ್ರಮಾಣ ಬದಲಾಗಿದೆಯೆ ಎಂದು ನೋಡಬೇಕೆಂದೂ, ಗಣನೀಯವಾಗಿ ಬದಲಾಗಿದ್ದರೆ ಪಿಂಚಣಿಯನ್ನು ಅದಕ್ಕೆ ತಕ್ಕಂತೆ ತಿದ್ದಬೇಕೆಂದೂ ನಿಬಂಧನೆ ಹೇಳುತ್ತದೆ. ಇದು ನ್ಯಾಯವೇ, ವಾಸಿಯಾದವನಿಗೆ ಕಡಮೆ, ಉಲ್ಬಣಿಸಿದವನಿಗೆ ಹೆಚ್ಚು. ಆದರೆ ೨೦೦೪ರಲ್ಲಿ ಗೃಹಮಂತ್ರಿ ಶಾಖೆ ದಳಗಳಿಗೆ ಒಂದು ಸುತ್ತೋಲೆಯನ್ನು ಕಳುಹಿಸಿತು. ಅರುವತ್ತೈದು ವಯಸ್ಸಾದವನಿಗೆ ಸಂಪಾದನೆಯ ನಿರೀಕ್ಷೆಯೇ ಇಲ್ಲ. ಸಂಪಾದನೆಯ ನಿರೀಕ್ಷೆ ಇಲ್ಲದವನಿಗೆ ಸಂಪಾದನೆಯ ನಷ್ಟವೆಲ್ಲಿಂದ ಬಂತು? ಆದುದರಿಂದ ವಿಶೇಷ ಕಾರಣವಿಲ್ಲದ ಹೊರತು ಅಂಥವನನ್ನು ಅತ್ಯಂತ ಕೆಳಗಿನ ದರ್ಜೆಗೆ ಇಳಿಸಬಹುದೆಂದು ಅದರ ಸಲಹೆ. ಎಷ್ಟೋ ದಳಗಳು ಅದರಂತೆ ನಡೆದುವು. ತೀವ್ರ ದರ್ಜೆಯಲ್ಲಿ ಶೇಕಡ ೮೫ರ ಭರವಸೆ ಪಡೆಯುತ್ತಿದ್ದ ಮುದುಕನಿಗೆ, ಕಾಲು ಮೊದಲು ಎಷ್ಟು ಕೆಟ್ಟಿತ್ತೋ ಅಷ್ಟೇ ಕೆಟ್ಟಿರುವಾಗ, ಹುಟ್ಟಿದ ಹಬ್ಬದ ಬೆನ್ನಲ್ಲೇ ಅಲ್ಪ ದರ್ಜೆಯ ಕಾಗದ ಬಂದರೆ ಅವನೇನು ತಿಳಿಯಬೇಕು?

ಇದಕ್ಕೆ ಮೊದಲ ತಡೆ ೨೦೧೦ರಲ್ಲಿ ಬಿತ್ತು. ಪುನರ್ವಿಮರ್ಶೆಯ ವೈದ್ಯನು ಹಿಂದಿನ ನಿರ್ಣಯವನ್ನು ಅಂತಿಮವೆಂದು ಒಪ್ಪಿಕೊಂಡು ಆಮೇಲೆ ಏನು ಬದಲಾಗಿದೆಯೆಂಬುದನ್ನು ಮಾತ್ರ ನೋಡಬೇಕು. ಹಿಂದೆ ಹೆಚ್ಚು ಕೊಟ್ಟಿದ್ದಾರೆಂದು ತನಗೆ ತೋರಿದ ಮಾತ್ರಕ್ಕೆ ಎಲ್ಲವನ್ನೂ ಮೊದಲಿನಿಂದ ಅಳೆಯಕೂಡದೆಂದು ಅಪೀಲು ನ್ಯಾಯಾಲಯ ವಿಧಿಸಿತು. ೨೦೧೨ರಲ್ಲಿ ಉಚ್ಚ ನ್ಯಾಯಾಲಯವು ಸುತ್ತೋಲೆಯ ಅರುವತ್ತೈದರ ಸಲಹೆಯನ್ನೇ ನಿಬಂಧನೆಗೆ ವಿರುದ್ಧವೆಂದು ತಳ್ಳಿಹಾಕಿತು. ವಯಸ್ಸು ತುಂಬಿದುದು ಅಶಕ್ತತೆಯ ಬದಲಾವಣೆಯಲ್ಲ; ಗಾಯದಿಂದ ಆದ ನಷ್ಟವನ್ನು ಗಾಯದಿಂದಲೇ ಅಳೆಯಬೇಕು. ಇಳಿಸಿದ ದರ್ಜೆಗಳನ್ನು ಮತ್ತೆ ಏರಿಸಬೇಕೆಂಬ ಬೇಡಿಕೆಗಳು ಇದರ ಹಿಂದೆಯೇ ಬಂದುವು.

'ತಕ್ಕ ಅವಧಿ' ಎಂದರೆ ಎಷ್ಟೆಂಬುದನ್ನು ಮಾತ್ರ ನಿಬಂಧನೆ ಹೇಳಿಲ್ಲ. ಒಂದು ದಳ ಕೆಲವು ವರ್ಷಗಳಿಗೊಮ್ಮೆ ಪ್ರಶ್ನಾವಳಿಯನ್ನು ಅಂಚೆಯಲ್ಲಿ ಕಳುಹಿಸುತ್ತದೆ, ಮತ್ತೊಂದು ದಳ ಪಿಂಚಣಿದಾರನು ತಾನೇ ಕೇಳಿಕೊಂಡ ಹೊರತು ಅವನನ್ನು ಎಬ್ಬಿಸುವುದಿಲ್ಲ. ಒಂದೇ ಬಗೆಯ ಗಾಯವಾದ ಇಬ್ಬರು, ಪಕ್ಕದ ಪಕ್ಕದ ಜಿಲ್ಲೆಗಳಲ್ಲಿ ವಾಸಮಾಡುತ್ತ, ಒಬ್ಬನು ಅಂಚೆಯವನ ಹೆಜ್ಜೆಯ ಸದ್ದಿಗೆ ಕಿವಿಗೊಟ್ಟು, ಇನ್ನೊಬ್ಬನು ಆ ಯೋಚನೆಯೇ ಇಲ್ಲದೆ ಕಾಲ ಕಳೆಯುವುದು ಸಾಧ್ಯವಾಗಿರುವುದು ಈ ಎರಡು ಶಬ್ದಗಳಿಂದಲೇ.